ದೊಡ್ಡ ಎಂಜಿನ್ನು, ಸವೆಯುವ ಗುಡ್ಡ

ಮಲೆನಾಡಿನ ಹಳೆಯ ಜೀಪುಗಳಲ್ಲಿ ಹಲವು ಇಂದು ಹೊತ್ತು ತಿರುಗುತ್ತಿರುವುದು ತಾವು ಕಾರ್ಖಾನೆಯಿಂದ ಹೊರಡುವಾಗ ಪಡೆದ ಎಂಜಿನ್ನನ್ನಲ್ಲ. ಪೆಟ್ರೋಲಿನ ಬೆಲೆ ಏರಿದಂತೆಲ್ಲ ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಅದರ ಜಾಗದಲ್ಲಿ ಡೀಸೆಲ್ ಎಂಜಿನ್ನನ್ನು ಕೂರಿಸುವುದು ಇಲ್ಲಿನ ಗ್ಯಾರೇಜುಗಳ ಹಳೆಯ ವಿದ್ಯೆ. ಅಡಿಕೆ ಮೂಟೆ, ಗೊಬ್ಬರ, ಹಾಲಿನ ಕ್ಯಾನುಗಳಿಂದ ಹಿಡಿದು ಆಷಾಢದ ಮಳೆಯಲ್ಲಿ ಆಸ್ಪತ್ರೆ ತಲುಪಬೇಕಾದ ಬಸುರಿಯವರೆಗೆ ಎಲ್ಲವನ್ನೂ ಎಲ್ಲರನ್ನೂ ಹೊತ್ತು ಸಾಗುವ ಆ ಜೀಪುಗಳ ಬಗ್ಗೆ ಈ ಪತ್ರಿಕೆಗೆ ಯಾವ ತಕರಾರೂ ಇಲ್ಲ. ಆದರೆ ಈಚೆಗೆ ಇನ್ನೊಂದು ಬಗೆಯ ಬದಲಾವಣೆ ಕಾಣತೊಡಗಿದೆ. ಪ್ರವಾಸಿಗರನ್ನು ಗುಡ್ಡದ ನೆತ್ತಿಗೆ ಒಯ್ಯುವ ಬಾಡಿಗೆ ಜೀಪುಗಳಿಗೂ, ಕೆಸರಿನಾಟದ ಸ್ಪರ್ಧೆಗೆಂದು ಸಿದ್ಧಗೊಳ್ಳುವ ಜೀಪುಗಳಿಗೂ, ಗುಜರಿ ಸೇರಿದ ದೊಡ್ಡ ವಾಹನಗಳ ಟರ್ಬೊ ಎಂಜಿನ್ನುಗಳನ್ನು ಜೋಡಿಸಲಾಗುತ್ತಿದೆ. ಇದ್ದ ಎಂಜಿನ್ನಿಗೆ ಗುಡ್ಡ ಹತ್ತುವ ಶಕ್ತಿ ಸಾಲದು ಎಂಬುದು ಎಲ್ಲರೂ ಕೊಡುವ ಕಾರಣ. ಈ ಕಾರಣ ಎಷ್ಟರ ಮಟ್ಟಿಗೆ ನಿಜ?

ಜೀಪಿನ ಚರಿತ್ರೆಯನ್ನೇ ಸ್ವಲ್ಪ ನೋಡೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ತಯಾರಾದ ವಿಲ್ಲೀಸ್ ಜೀಪಿಗೆ ಇದ್ದದ್ದು 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ನು. 1945ರಲ್ಲಿ ಯುದ್ಧ ಮುಗಿದಾಗ ಕಂಪನಿ ಅದೇ ವಾಹನವನ್ನು ರೈತರಿಗೆ ಮಾರಲು ಹೊರಟಿತು. ನೇಗಿಲು ಎಳೆಯಬೇಕು, ಉಳುಮೆಯ ನೆಲದಲ್ಲಿ ತೆವಳಬೇಕು. ಹಾಗೆಂದು ಅವರು ಎಂಜಿನ್ನನ್ನು ದೊಡ್ಡದು ಮಾಡಿದರೇ? ಮಾಡಲಿಲ್ಲ. ಎಂಜಿನ್ನನ್ನು ಹಾಗೆಯೇ ಉಳಿಸಿಕೊಂಡು ಗೇರುಗಳ ಅನುಪಾತವನ್ನು ತಗ್ಗಿಸಿದರು. ಯುದ್ಧದ ಜೀಪಿನಲ್ಲಿ ಅತಿ ತಗ್ಗಿನ ಗೇರಿನಲ್ಲಿ ಎಂಜಿನ್ನು ಸುಮಾರು 26 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತಿತ್ತು. ಸಿಜೆ-2ಎ ಎಂಬ ಹೆಸರಿನ ರೈತರ ಜೀಪಿನಲ್ಲಿ ಅದು ಸುಮಾರು 37 ಸುತ್ತಿಗೆ ಒಂದಾಯಿತು. ಅಷ್ಟರಿಂದಲೇ ಚಕ್ರದ ಬಲ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು.

ಆ ಬಲ ಎಷ್ಟೆಂಬುದನ್ನು ವಿಜ್ಞಾನ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಆ ಎಂಜಿನ್ನಿನ ಗರಿಷ್ಠ ತಿರುಚುಬಲ ಸುಮಾರು 142 ನ್ಯೂಟನ್-ಮೀಟರ್. ಅದನ್ನು 37ರಿಂದ ಗುಣಿಸಿ, ಚಕ್ರದ ತ್ರಿಜ್ಯವಾದ 0.36 ಮೀಟರಿನಿಂದ ಭಾಗಿಸಿದರೆ ಸುಮಾರು 1,490 ಕಿಲೊ ತೂಕಕ್ಕೆ ಸಮನಾದ ಎಳೆತ ದೊರೆಯುತ್ತದೆ. ಗೇರುಗಳ ಘರ್ಷಣೆಯಲ್ಲಿ ನಾಲ್ಕನೆಯ ಒಂದು ಭಾಗ ಕಳೆದುಹೋಯಿತೆಂದು ಉದಾರವಾಗಿ ಬಿಟ್ಟುಕೊಟ್ಟರೂ 1,100 ಕಿಲೊಗೆ ಕಡಿಮೆಯಿಲ್ಲ. ಜೀಪಿನ ತೂಕವೇ ಒಂದು ಟನ್ನಿನ ಆಸುಪಾಸು. ನಾಲ್ಕಕ್ಕೆ ಒಂದರ ಏರನ್ನು ಹತ್ತಲು ಆ ತೂಕದ ಕಾಲು ಭಾಗ, ಜೊತೆಗೆ ಕೆಸರಿನ ಎಳೆತಕ್ಕೆಂದು ಇನ್ನಷ್ಟು ಬಲವಿದ್ದರೆ ಸಾಕು. ಎಂಭತ್ತು ವರ್ಷಗಳ ಹಿಂದಿನ 60 ಅಶ್ವಶಕ್ತಿಯ ಎಂಜಿನ್ನಿನಲ್ಲಿಯೇ ನಮ್ಮ ಗುಡ್ಡಗಳಿಗೆ ಬೇಕಾದುದರ ಎರಡು ಮೂರು ಪಟ್ಟು ಬಲವಿತ್ತು.

ಹಾಗಾದರೆ ಜೀಪು ಮಳೆಗಾಲದ ಏರಿನಲ್ಲಿ ಏಕೆ ನಿಲ್ಲುತ್ತದೆ? ನಿಂತಾಗ ಚಕ್ರವನ್ನು ನೋಡಿದವರಿಗೆ ಉತ್ತರ ಗೊತ್ತು. ಎಂಜಿನ್ನು ಆರಿಹೋಗಿರುವುದಿಲ್ಲ, ಚಕ್ರ ನಿಂತಲ್ಲೇ ಗಿರಗಿರನೆ ತಿರುಗುತ್ತಿರುತ್ತದೆ. ಒದ್ದೆ ಜಾರುಮಣ್ಣಿನ ಮೇಲೆ ಟೈರಿಗೆ ದೊರೆಯುವ ಹಿಡಿತ ವಾಹನದ ತೂಕದ ಮೂರನೆಯ ಒಂದು ಭಾಗವನ್ನು ದಾಟುವುದೇ ಕಷ್ಟ. ಅಂದರೆ ಒಂದು ಟನ್ನಿನ ಜೀಪು ನೆಲದಿಂದ ಪಡೆಯಬಲ್ಲ ಎಳೆತ 350 ಕಿಲೊ ಮಾತ್ರ. ಅದರ ಮೇಲಿನ ಬಲವನ್ನೆಲ್ಲ ನೆಲ ನಿರಾಕರಿಸುತ್ತದೆ. ಸಾಲದ್ದಕ್ಕೆ, ಹಳೆಯ ಜೀಪುಗಳ ಡಿಫರೆನ್ಷಿಯಲ್ಲಿನ ಸ್ವಭಾವವೇ ಜಾರುವ ಚಕ್ರದತ್ತ ಬಲವನ್ನು ಹರಿಸುವುದು. ಮುಂದಿನದೊಂದು, ಹಿಂದಿನದೊಂದು ಚಕ್ರ ಜಾರಿದರೆ ಉಳಿದೆರಡು ಸುಮ್ಮನಿರುತ್ತವೆ. ಇಂಥ ಜೀಪಿಗೆ 100 ಅಶ್ವಶಕ್ತಿಯ ಎಂಜಿನ್ನು ಹಾಕಿದರೂ ಜಾರುವ ಚಕ್ರ ಇನ್ನಷ್ಟು ವೇಗವಾಗಿ ಜಾರುತ್ತದೆ, ಅಷ್ಟೆ.

ಅಮೆರಿಕದವರು ದೊಡ್ಡ ಎಂಜಿನ್ನು ಹಾಕಲಿಲ್ಲವೇ ಎಂದು ಯುವಕರು ಕೇಳಬಹುದು. ಹಾಕಿದರು. 1953ರ ಸಿಜೆ-3ಬಿ ಮಾದರಿಗೆ 75 ಅಶ್ವಶಕ್ತಿಯ ಎಂಜಿನ್ನು ಬಂತು; ಅದರ ಎತ್ತರಕ್ಕೆ ಹೊಂದಿಸಲೆಂದೇ ಬಾನೆಟ್ಟನ್ನು ಮೇಲೆತ್ತಬೇಕಾಯಿತು. ಮಹೀಂದ್ರಾ ಕಂಪನಿ ಪರವಾನಗಿ ಪಡೆದು ನಮ್ಮಲ್ಲಿ ತಯಾರಿಸಿದ, ನಮ್ಮ ಹಿರಿಯರು ಬಲ್ಲ ಎತ್ತರ ಮೂತಿಯ ಜೀಪು ಅದೇ. ಗಮನಿಸಬೇಕಾದುದೆಂದರೆ, ಆ ಎಂಜಿನ್ನಿನ ಗಾತ್ರ ಮೊದಲಿನ 2.2 ಲೀಟರೇ, ಕವಾಟಗಳ ಜೋಡಣೆಯಷ್ಟೇ ಬದಲಾಗಿತ್ತು. ಮುಂದೆ 1965ರಲ್ಲಿ 160 ಅಶ್ವಶಕ್ತಿಯ ಬ್ಯೂಯಿಕ್ ವಿ-6 ಎಂಜಿನ್ನನ್ನು ಸಿಜೆ-5ಕ್ಕೆ ಕೊಟ್ಟರು. ಮರಳು ದಿಬ್ಬ ಹತ್ತುವವನಿಗೆ ಅಂಥ ಎಂಜಿನ್ನು ಬೇಕು. ಮರಳಿನಲ್ಲಿ ವೇಗ ಕುಗ್ಗಿದರೆ ಚಕ್ರ ಹೂತುಹೋಗುತ್ತದೆ. ನಮ್ಮ ಜಂಬಿಟ್ಟಿಗೆಯ ಏರುಗಳಿಗೂ ಜೇಡಿಮಣ್ಣಿನ ಕಾಲುದಾರಿಗಳಿಗೂ ಮರಳುಗಾಡಿನ ನ್ಯಾಯ ಹೊಂದುವುದಿಲ್ಲ.

ಇನ್ನು ನೆಲದ ಮಾತು. ನೆಲ ಒಪ್ಪಿಕೊಳ್ಳದ ಬಲ ಎಲ್ಲಿಗೆ ಹೋಗುತ್ತದೆ? ಮಣ್ಣನ್ನು ಅಗೆಯಲು ಹೋಗುತ್ತದೆ. ವೇಗವಾಗಿ ತಿರುಗುವ ಚಕ್ರ ಹುಲ್ಲಿನ ಬೇರನ್ನು ಕಿತ್ತು, ಮೇಲ್ಮಣ್ಣನ್ನು ಹಿಂದಕ್ಕೆ ಎಸೆದು, ಎರಡು ಸಾಲು ಕೊರಕಲನ್ನು ಬಿಟ್ಟು ಮುಂದೆ ಸಾಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಮೇಲಿನಿಂದ ಕೆಳಗೆ ಬಿದ್ದ ಕೊರಕಲೆಂದರೆ ಸಿದ್ಧಗೊಂಡ ಕಾಲುವೆ. ಹುಲ್ಲಿನ ನಡುವೆ ಹರಡಿ ಇಂಗಬೇಕಾದ ಮಳೆನೀರು ಅದರಲ್ಲಿ ಸೇರಿ ರಭಸ ಪಡೆಯುತ್ತದೆ. ಮೊದಲ ಮಳೆಗಾಲಕ್ಕೆ ಗೇಣಾಳವಿದ್ದದ್ದು ಮೂರನೆಯ ಮಳೆಗಾಲಕ್ಕೆ ಮೊಣಕಾಲು ದಾಟುತ್ತದೆ. ಆಗ ಜೀಪಿನ ಹೊಟ್ಟೆ ನೆಲಕ್ಕೆ ತಾಗುತ್ತದೆಂದು ಚಾಲಕ ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಮಾಡಿಕೊಳ್ಳುತ್ತಾನೆ, ಅದೂ ಕೊರಕಲಾಗುತ್ತದೆ. ದಾರಿ ಕೆಟ್ಟಿತೆಂದು ಇನ್ನೂ ದೊಡ್ಡ ಟೈರು, ದೊಡ್ಡ ಟೈರನ್ನು ತಿರುಗಿಸಲೆಂದು ಇನ್ನೂ ದೊಡ್ಡ ಎಂಜಿನ್ನು! ದಾರಿಯನ್ನು ಕೆಡಿಸಿದ್ದೇ ಹಿಂದಿನ ಎಂಜಿನ್ನೆಂಬುದು ಈ ಸುತ್ತಿನಲ್ಲಿ ಮರೆತೇ ಹೋಗುತ್ತದೆ. ಮೂಕಾಂಬಿಕಾ ವನ್ಯಜೀವಿಧಾಮದೊಳಗಿನ, 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹೋಗುವ ಜೀಪು ದಾರಿಯನ್ನು ಕಂಡವರಿಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗಿಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶೋಲಾ ಕಾಡು ಮತ್ತು ಹುಲ್ಲುಗಾವಲು ಕೂಡಿ ಹಿಡಿದಿಡುವ ನೀರೇ ಕೆಳಗಿನ ಊರುಗಳ ಒರತೆಗೆ ಆಧಾರ. ಕೊಚ್ಚಿಬಂದ ಮಣ್ಣು ನಿಲ್ಲುವುದು ನಮ್ಮದೇ ಹಳ್ಳಗಳಲ್ಲಿ, ಗದ್ದೆಗಳಲ್ಲಿ, ತೋಟದ ಬಸಿಗಾಲುವೆಗಳಲ್ಲಿ.

ಎಂಜಿನ್ನು ದೊಡ್ಡದಾದ ಮಾತ್ರಕ್ಕೆ ಜೀಪಿನ ಉಳಿದ ಅಂಗಗಳು ದೊಡ್ಡವಾಗುವುದಿಲ್ಲ. ಕ್ಲಚ್ಚು, ಗೇರುಪೆಟ್ಟಿಗೆ, ಆಕ್ಸಲ್ ದಂಡ ಇವೆಲ್ಲ ಹಿಂದಿನ ಬಲವನ್ನು ಲೆಕ್ಕಹಾಕಿ ಮಾಡಿದಂಥವು. ಜಾರುತ್ತಿದ್ದ ಚಕ್ರಕ್ಕೆ ಹಠಾತ್ತನೆ ಕಲ್ಲಿನ ಹಿಡಿತ ಸಿಕ್ಕ ಕ್ಷಣದಲ್ಲಿ ಮುರಿಯುವುದು ಇವುಗಳಲ್ಲೊಂದು. ಅದಕ್ಕಿಂತ ಭಯದ ಸಂಗತಿ ಬ್ರೇಕಿನದು. ಆರಂಭದ ಜೀಪುಗಳಲ್ಲಿದ್ದದ್ದು 9 ಇಂಚಿನ ಡ್ರಮ್ ಬ್ರೇಕು. ಮೂತಿಯ ಮೇಲೆ ಭಾರವಾದ ಡೀಸೆಲ್ ಎಂಜಿನ್ನನ್ನು ಹೊರಿಸಿ, ಹಿಂದೆ ಎಂಟು ಹತ್ತು ಪ್ರವಾಸಿಗರನ್ನು ತುಂಬಿ, ಅದೇ ಬ್ರೇಕನ್ನು ನಂಬಿ ಘಟ್ಟ ಇಳಿಯುವ ಜೀಪುಗಳಿವೆ. ಏರುವಾಗ ಎಂಜಿನ್ನಿನ ಗುಣ ಹೊಗಳುವವರು ಇಳಿಯುವಾಗ ಏನನ್ನು ನಂಬಿದ್ದಾರೆಂದು ಕೇಳಿಕೊಳ್ಳುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಉಂಟು. ಡೀಸೆಲ್ ಎಂಜಿನ್ನು ಪೆಟ್ರೋಲಿನದರಷ್ಟು ವೇಗವಾಗಿ ತಿರುಗುವುದಿಲ್ಲವಾದ್ದರಿಂದ ಟಾರು ರಸ್ತೆಯಲ್ಲಿ ಜೀಪು ಮಂದವಾಗುತ್ತದೆ. ಆ ಕೊರತೆ ನೀಗಿಸಲು ಆಕ್ಸಲಿನ ಗೇರನ್ನೂ ಬದಲಿಸುತ್ತಾರೆ. ರೈತರಿಗೆಂದು ಕಂಪನಿ ಕೊಟ್ಟಿದ್ದ ತೆವಳುವ ಗುಣ ಅಲ್ಲಿಗೆ ಮುಗಿಯಿತು. ಲಕ್ಷಗಟ್ಟಲೆ ಖರ್ಚು ಮಾಡಿ ಗುಡ್ಡಕ್ಕೆ ಹೇಳಿಮಾಡಿಸಿದ ಅನುಕೂಲವನ್ನು ಕಳೆದುಕೊಂಡಂತಾಯಿತು.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳಬಹುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ದಂಡಕ್ಕಿಂತ ದೊಡ್ಡ ಅಪಾಯ ಅಪಘಾತದ ನಂತರದ್ದು. ನೋಂದಣಿ ಪತ್ರದಲ್ಲಿರುವ ಎಂಜಿನ್ ಸಂಖ್ಯೆಯೇ ಒಂದು, ಬಾನೆಟ್ಟಿನಡಿ ಇರುವುದೇ ಇನ್ನೊಂದು ಎಂದಾದರೆ ವಿಮೆಯ ಹಣಕ್ಕೆ ತಕರಾರು ಏಳುತ್ತದೆ. ಆಗ ಬೀದಿಗೆ ಬೀಳುವವನು ಸಾಲ ಮಾಡಿ ಜೀಪು ಕೊಂಡ ನಮ್ಮೂರಿನ ಹುಡುಗ.

ಈ ಹುಡುಗನ ಕಷ್ಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಡಿಕೆಗೆ ರೋಗ, ಕಾಫಿಗೆ ಮಳೆ. ಋತುವಿನ ನಾಲ್ಕು ತಿಂಗಳ ಬಾಡಿಗೆಯೇ ಹಲವು ಮನೆಗಳ ಆದಾಯ. ಪಕ್ಕದವನ ಜೀಪು ದಿನಕ್ಕೆ ಒಂದು ಸುತ್ತು ಹೆಚ್ಚು ಹೋಗಿಬಂದರೆ ಇವನಿಗೂ ದೊಡ್ಡ ಎಂಜಿನ್ನಿನ ಆಸೆ ಹುಟ್ಟುವುದು ಸಹಜ. ಆದ್ದರಿಂದ ಇದನ್ನು ಒಬ್ಬೊಬ್ಬ ಮಾಲೀಕನ ವಿವೇಕಕ್ಕೆ ಬಿಟ್ಟು ಪ್ರಯೋಜನವಿಲ್ಲ. ದಿನಕ್ಕಿಷ್ಟೇ ಸುತ್ತು, ಜೀಪಿಗಿಷ್ಟೇ ಜನ, ಸರದಿಯಂತೆ ಬಾಡಿಗೆ ಎಂಬ ಕಟ್ಟಳೆಯನ್ನು ಜೀಪು ಮಾಲೀಕರೂ ಗ್ರಾಮ ಪಂಚಾಯಿತಿಯೂ ಅರಣ್ಯ ಇಲಾಖೆಯೂ ಕೂತು ಮಾಡಬೇಕು. ವೇಗಕ್ಕೆ ಲಾಭವಿಲ್ಲದಾಗ ವೇಗದ ಎಂಜಿನ್ನಿಗೂ ಗಿರಾಕಿಯಿರುವುದಿಲ್ಲ. ಎಂಜಿನ್ನಿಗೆಂದು ಕೂಡಿಟ್ಟ ಹಣದ ಸಣ್ಣದೊಂದು ಪಾಲಿನಲ್ಲಿ ಬ್ರೇಕುಗಳನ್ನು ಹೊಸದು ಮಾಡಿಸಬಹುದು, ಟೈರಿಗೆ ತೊಡಿಸುವ ಸರಪಳಿ ಕೊಳ್ಳಬಹುದು. ಸವೆದ ಹಳೆಯ ಎಂಜಿನ್ನಿಗೆ ಅದೇ ಜಾತಿಯ, ಅದೇ ಗಾತ್ರದ ಎಂಜಿನ್ನನ್ನು ಕೂರಿಸಿ ದಾಖಲೆಯಲ್ಲಿ ಸೇರಿಸಿಕೊಳ್ಳುವ ಕೆಲಸವನ್ನು ಸಾರಿಗೆ ಇಲಾಖೆ ಅಲೆದಾಟವಿಲ್ಲದೆ ಮಾಡಿಕೊಡಬೇಕು. ಊರಿನ ಕೆಲಸದ ಜೀಪುಗಳಿಗೆ ಬೇಕಾದುದು ಅಷ್ಟೇ. (ವಿದ್ಯುತ್ ಮೋಟಾರಿಗೆ ಬದಲಿಸಿಕೊಳ್ಳಲು ಅನುಮೋದಿತ ಕಿಟ್ಟುಗಳಿದ್ದರೆ ಕಾನೂನು ದಾರಿ ಬಿಟ್ಟಿದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ನಮ್ಮೂರುಗಳಲ್ಲಿ ಅದರ ಮಾತು ಸದ್ಯಕ್ಕೆ ಬೇಡ.)

ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ನಿಮ್ಮೂರಿನ ಜೀಪು ದಾರಿಯ ಹತ್ತು ಕಡೆ ಗುರುತಿನ ಗೂಟ ನೆಟ್ಟು, ಮುಂಗಾರಿಗೆ ಮೊದಲು ಮತ್ತು ದೀಪಾವಳಿಯ ಹೊತ್ತಿಗೆ ಕೊರಕಲಿನ ಆಳವನ್ನೂ ದಾರಿಯ ಅಗಲವನ್ನೂ ಅಳೆದು ಬರೆದಿಡಿ. ಜೊತೆಗೆ ಒಂದು ಭಾನುವಾರ ಎಷ್ಟು ಜೀಪು ಹತ್ತಿದವೆಂಬ ಎಣಿಕೆಯೂ ಇರಲಿ. ಪಂಚಾಯಿತಿಯ ಮುಂದೆ ಕೂರುವ ದಿನ ಆ ಪುಸ್ತಕ ನಮ್ಮ ಕೈಯಲ್ಲಿರಬೇಕು.