ಟೂರಿಂಗ್ ಟಾಕೀಸು: ಸೆಟ್ಟಲ್ಲಣ್ಣಾ, ಮನಿ!

ಪರದೆಯ ಮೇಲೆ ಫಾರಿನ್ ಬೀದಿ ಕಂಡರೆ ಸಾಕು, ಗಾಂಧಿ ಕ್ಲಾಸಿನಿಂದ ಶಿಳ್ಳೆಯೋ ಶಿಳ್ಳೆ! 1978ರಲ್ಲಿ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಬಂದಾಗ ವಿಷ್ಣು–ದ್ವಾರಕೀಶ್ ಜೋಡಿಯ ಜತೆ ಆ ಊರಿಗೂ ಚಪ್ಪಾಳೆ ಬಿದ್ದಿತ್ತು.

ಆದರೆ ದಾಂಡೇಲಿ ಹುಡುಗರೇ, ನಿಮಗೆ ಪಾಸ್‌ಪೋರ್ಟ್ ಯಾಕ್ರೀ? ಜೋಯಿಡಾ ದಾಟಿ, ರಾಮನಗರ ದಾಟಿ, ಅನಮೋಡ ಘಾಟು ಇಳಿದರೆ ಗೋವಾ. 1961ರ ಡಿಸೆಂಬರ್‌ವರೆಗೂ ಅಲ್ಲಿ ಪೋರ್ಚುಗೀಸರ ದರ್ಬಾರು. ಏಳೇ ವರ್ಷಕ್ಕೆ, 1968ರಲ್ಲಿ, ನಮ್ಮ ರಾಜ್ 'ಗೋವಾದಲ್ಲಿ ಸಿ.ಐ.ಡಿ. 999' ಆಗಿ ಬಂದರು!

ಮೊನ್ನೆ ಪಣಜಿಯ ಹಳೇ ಬಡಾವಣೆ ಫೊಂಟೈನ್ಹಾಸ್‌ನಲ್ಲಿ ಸುಮ್ಮನೆ ಅಡ್ಡಾಡಿದೆ. ಒಂದು ಕಡೆ ಆಲ್ಟಿನ್ಹೊ ಗುಡ್ಡ, ಇನ್ನೊಂದು ಕಡೆ ಹಳ್ಳ. ನಡುವೆ ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಓಣಿಗಳು. ಹಳದಿ ಗೋಡೆ, ನೀಲಿ ಗೋಡೆ, ಕೆಂಪು ಹಂಚು, ಗಾಜಿನ ಬದಲು ಚಿಪ್ಪು ಕೂಡಿಸಿದ ಕಿಟಕಿ. ಸೇಂಟ್ ಸೆಬಾಸ್ಟಿಯನ್ ಚಾಪೆಲ್ಲಿನ ಶಿಲುಬೆಯ ಮೇಲೆ ಕ್ರಿಸ್ತನ ಕಣ್ಣು ಮುಚ್ಚಿಲ್ಲ, ತೆರೆದೇ ಇವೆ. ನೋಡುತ್ತ ನಿಂತರೆ ಮಾತೇ ಬರೋದಿಲ್ಲ.

ಆಮೇಲೆ ತಲೆಗೆ ಹೀರೋ ಹೊಕ್ಕ! ಯಾರದೋ ಮೆಟ್ಟಿಲು ಹತ್ತಿ, ಸೊಂಟಕ್ಕೆ ಕೈಕೊಟ್ಟು, ಮೊಬೈಲು ಎತ್ತಿದೆ.

"ಅಣ್ಣಾ, ಇಳೀರಿ. ಇದು ಸೆಟ್ಟಲ್ಲ, ಮನಿ. ಒಳಗ ಅಜ್ಜಿ ಮಲಗ್ಯಾರ."

ತಿರುಗಿದರೆ ಏಣಿಯ ಮೇಲೊಬ್ಬ ಬಣ್ಣದ ಹುಡುಗ. ಊರು ಹಳಿಯಾಳವಂತೆ. ಮಳೆಗಾಲ ಮುಗಿದ ಮೇಲೆ ಇಲ್ಲಿನ ಗೋಡೆಗಳಿಗೆ ಹೊಸ ಬಣ್ಣ ಹೊಡೆಯುವ ಕೆಲಸ. "ದಿನಾ ನೂರು ಮಂದಿ ಬರ್ತಾರ್ರೀ. ಬಾಗಿಲ ತೆಗದ್ರ ಫೋಟೋ, ಅರಿವಿ ಒಣಾ ಹಾಕಿದ್ರ ಫೋಟೋ!" ಪಕ್ಕದ ಮನೆಗಳ ಮೇಲೆ 'ಫೋಟೋ ತೆಗೆಯಬೇಡಿ' ಎಂಬ ಬೋರ್ಡು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ನಾಚಿಕೆಯಾಯಿತು ಸ್ವಾಮಿ. ಇಳಿದೆ.

ವಾಪಸು ಬರುವಾಗ ಬಸ್ಸು ರಾಮನಗರದಲ್ಲಿ ನಿಂತಿತು. ತಾಲೂಕಿಗೇ ಹೆಸರು ಕೊಟ್ಟಿದ್ದ ಸೂಪಾ ಪೇಟೆ ಕಾಳಿ ನದಿಯ ಅಣೆಕಟ್ಟಿನಲ್ಲಿ ಮುಳುಗಿದಾಗ, ಅಲ್ಲಿಂದ ಎದ್ದ ಸಂಸಾರಗಳಿಗೆ ನೆಲೆ ಕೊಟ್ಟ ಊರದು. ನಮಗೆ ಕರೆಂಟು ಬಂತು, ಟಾಕೀಸಿನ ದೀಪವೂ ಉರಿಯಿತು, ನಿಜ. ಆದರೆ ಆ ಜನರಿಗೆ 'ಇದೇ ನಮ್ಮಜ್ಜನ ಬಾಗಿಲು' ಎಂದು ತೋರಿಸಲು ಒಂದು ಹೊಸ್ತಿಲೂ ಉಳಿಯಲಿಲ್ಲ.

ಅದಕ್ಕೇ ಹೇಳ್ತೀನಿ ತಮ್ಮಂದಿರಾ, ಗೋವಾಕ್ಕೆ ಹೋಗಿ. ಓಣಿ ಓಣಿ ಸುತ್ತಿ. ಆದರೆ ನಿಂತಿರುವ ಮನೆಯ ಮುಂದೆ ಸ್ವಲ್ಪ ಮೆಲ್ಲಗೆ ನಡೆಯಿರಿ.

ಒಳಗೆ ಅಜ್ಜಿ ಮಲಗಿರ್ತಾರೆ!