ಒಂದು ತಂತಿಯ ಪಾಲಿಗೆ ಎಷ್ಟು ಕಿವಿ?
ಯಳವತ್ತಿಯಿಂದ ಲಕ್ಷ್ಮೇಶ್ವರಕ್ಕೆ ಹೊರಟ ಬಸ್ಸಿನಲ್ಲಿ ಈ ವಾರ ಹುಡುಗನೊಬ್ಬ ಮೊಬೈಲಿನಲ್ಲಿ ಪಶ್ಚಿಮ ಆಫ್ರಿಕದ ಕೋರಾ ಕೇಳುತ್ತಿದ್ದ. ಸೋರೆಬುರುಡೆಗೆ ತೊಗಲು ಬಿಗಿದು 21 ತಂತಿ ಎಳೆದ ವಾದ್ಯ, ಸೊಗಸಾಗಿಯೇ ಇತ್ತು. ನಮ್ಮ ಯಲ್ಲಮ್ಮನ ಜೋಗತಿಯರ ಚೌಡಿಕೆಗೂ ತೊಗಲೇ, ತಂತಿ ಮಾತ್ರ ಒಂದು. ಆ ಒಂದರಲ್ಲೇ ತಾಳವೂ ಶ್ರುತಿಯೂ! ಇದರ ಹತ್ತಿರದ ಬಂಧು ಬಂಗಾಳದ ಬಾವುಲ್ ಹಾಡುಗಾರರ ಖಮಕ್. ಬಾವುಲ್ ಹಾಡುಗಳನ್ನು ಯುನೆಸ್ಕೊ 2005ರಲ್ಲೇ ಗೌರವಿಸಿತು, ಖಮಕ್ ಹಿಡಿದವನು ದಾರ್ಶನಿಕನೆನಿಸಿದ. ಚೌಡಿಕೆ ಹಿಡಿದವಳು ನಮ್ಮ ಕಣ್ಣಿಗೆ ಬೇಡುವವಳಾಗಿಯೇ ಉಳಿದಳು. ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಚಪ್ಪಾಳೆ ತಟ್ಟಿದೆವು, ಖರೆ. ಬಾಗಿಲಿಗೆ ಬಂದವಳನ್ನು ಮಾತ್ರ ಬೊಗಸೆ ಜೋಳ ನೀಡಿ ಅರ್ಧ ಹಾಡಿಗೇ ಸಾಗಹಾಕುತ್ತೇವೆ. ಮುಂದಿನ ಸಲ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಹಾಡಿನ ಕತೆ ಮುಗಿಯುವವರೆಗೂ ಕೇಳಿರಿ. ಆಮೇಲೆ ಸಂಭಾವನೆಯನ್ನೂ ಕೊಡಿರಿ.