ಬಡವರ ವಕೀಲರು ಮತ ಕೇಳಲು ಬಂದಾಗ

ಬಡವರ ಮೊಕದ್ದಮೆಗಳನ್ನು ಶುಲ್ಕವಿಲ್ಲದೆ ನಡೆಸಿಕೊಟ್ಟ ವಕೀಲರೊಬ್ಬರು ಸ್ಥಳೀಯ ಸಮಸ್ಯೆಗಳನ್ನು ಮುಂದಿಟ್ಟು ವಿಧಾನಸಭೆಯ ಚುನಾವಣೆಗೆ ನಿಂತರೆ ನಮ್ಮ ಹಳ್ಳಿಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ‘ಒಳ್ಳೆಯವರಿಗೆ ರಾಜಕೀಯವೇಕೆ?’ ಎಂಬುದು ಮೊದಲನೆಯದು. ‘ಇವರು ಬೆಂಗಳೂರಿಗೆ ಹೋದರೆ ನಮ್ಮ ಕೇಸು ನಡೆಸುವವರು ಯಾರು?’ ಎಂಬುದು ಎರಡನೆಯದು. ಈ ಎರಡು ಮಾತುಗಳಲ್ಲಿಯೂ ಪ್ರೀತಿಯಿದೆ, ಆದರೆ ವಿವೇಕ ಸಾಲದು. ಅಂಥವರು ವಿಧಾನಸಭೆಗೆ ಹೋಗಲೇಬೇಕು, ಆದರೆ ನಾವು ಅವರನ್ನು ಪ್ರಶ್ನಿಸಿಯೇ ಕಳುಹಿಸಬೇಕು ಎಂಬುದು ನನ್ನ ಅಭಿಪ್ರಾಯ.

ಆರೋಪಿಯ ಪರವಾಗಿ ವಾದಿಸಲು ಸರ್ಕಾರದ ಖರ್ಚಿನಲ್ಲಿಯೇ ವಕೀಲರಿರಬೇಕೆಂಬ ವಿಚಾರ ಹೊಸದಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1914ರಷ್ಟು ಹಿಂದೆಯೇ ಇಂಥ ಕಚೇರಿ ಆರಂಭವಾಯಿತು. ನಮ್ಮಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯ ಮೂಲಕ 39ಎ ವಿಧಿ ಸೇರಿ ಉಚಿತ ಕಾನೂನು ನೆರವು ರಾಜ್ಯದ ಹೊಣೆಯಾಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಇದರ 12ನೆಯ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನೆರೆ-ಬರಗಳಂಥ ವಿಕೋಪಕ್ಕೆ ಸಿಲುಕಿದವರು, ಬಂಧನದಲ್ಲಿರುವವರು ಉಚಿತ ನೆರವಿಗೆ ಅರ್ಹರು. 2022ರಲ್ಲಿ ಬಂದ ಯೋಜನೆಯಡಿ ಜಿಲ್ಲಾ ಕೇಂದ್ರಗಳಲ್ಲಿ ‘ಕಾನೂನು ನೆರವು ಅಭಿರಕ್ಷಕರ’ ಕಚೇರಿಗಳು ತೆರೆದವು. ಇಲ್ಲಿನ ವಕೀಲರು ಖಾಸಗಿ ಮೊಕದ್ದಮೆಗಳನ್ನು ಹಿಡಿಯದೆ ಪೂರ್ಣಾವಧಿ ಬಡ ಆರೋಪಿಗಳ ಪರ ದುಡಿಯಬೇಕು. ಈ ಹಕ್ಕುಗಳು ನಮ್ಮ ಎಷ್ಟು ಮನೆಗಳಿಗೆ ತಿಳಿದಿವೆ ಎಂಬುದನ್ನು ವಿದ್ಯಾರ್ಥಿ ಮಿತ್ರರು ಯೋಚಿಸಬೇಕು.

ಆದರೆ ನ್ಯಾಯಾಲಯದಲ್ಲಿ ನಿಂತ ವಕೀಲರಿಗೆ ಒಂದು ಮಿತಿಯಿದೆ. ಕಾನೂನನ್ನು ಮೀರಲಾಗಿದೆಯೇ ಇಲ್ಲವೇ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ. ಆ ಕಾನೂನು ಹಾಗೇಕೆ ಇದೆ, ಒಂದೇ ಬಗೆಯ ಮೊಕದ್ದಮೆ ಒಂದೇ ಬಗೆಯ ಜನರ ಮೇಲೆ ವರ್ಷ ವರ್ಷವೂ ಏಕೆ ಬೀಳುತ್ತದೆ ಎಂಬುದನ್ನು ಅಲ್ಲಿ ಬಿಡಿಸುವುದು ಕಷ್ಟ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳೆರೋಗಕ್ಕೆ ಕೊನೆ ಕೊನೆಗೂ ಬೋರ್ಡೋ ದ್ರಾವಣ ಸಿಂಪಡಿಸಲೇಬೇಕು. ಆದರೆ ಬಸಿಗಾಲುವೆ ಕಟ್ಟಿ ತೋಟದಲ್ಲಿ ನೀರು ನಿಂತರೆ ಸಿಂಪಡಣೆಯೊಂದೇ ತೋಟವನ್ನು ಉಳಿಸದು. ಮೊಕದ್ದಮೆ ನಡೆಸುವುದು ಸಿಂಪಡಣೆ. ಕಾನೂನು ತಿದ್ದುವುದು ಬಸಿಗಾಲುವೆ ತೆಗೆಯುವ ಕೆಲಸ. ಎರಡೂ ಬೇಕು.

ಸ್ಥಳೀಯ ಸಮಸ್ಯೆ ಎಂದರೆ ಸಣ್ಣ ಸಮಸ್ಯೆ ಎಂದು ಹಗುರವಾಗಿ ನೋಡುವವರು ಕಾಗೋಡನ್ನು ನೆನೆಯಬೇಕು. 1951ರಲ್ಲಿ ಅಲ್ಲಿ ಎದ್ದ ತಕರಾರು ಗೇಣಿಭತ್ತ ಅಳೆಯುವ ಕೊಳಗದ ಗಾತ್ರದ್ದು. ಒಂದು ಊರಿನ ಅಳತೆಯ ಜಗಳ ಸತ್ಯಾಗ್ರಹವಾಯಿತು. ಅದರಲ್ಲಿ ದುಡಿದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸನಸಭೆಗೆ ಆಯ್ಕೆಯಾದರು. 1961ರ ಭೂಸುಧಾರಣಾ ಕಾಯಿದೆ ಬಂದಿತು. ದೇವರಾಜ ಅರಸರ ಕಾಲದಲ್ಲಿ ಅದಕ್ಕಾದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದ ವಶಕ್ಕೆ ಸೇರಿ, ಉಳುವವನು ಒಡೆಯನಾಗುವ ದಾರಿ ತೆರೆಯಿತು. 1972ರಲ್ಲಿ ತೀರಿಕೊಂಡ ಗೋಪಾಲಗೌಡರು ಇದನ್ನು ಕಾಣಲಿಲ್ಲ. ಕೊಳಗದಿಂದ ಕಾಯಿದೆಯವರೆಗಿನ ಈ ದಾರಿ ಇಪ್ಪತ್ತು ವರ್ಷಕ್ಕೂ ಮಿಕ್ಕಿದ್ದು. ಅದು ಶಾಸನಸಭೆಯ ಮೂಲಕವೇ ಹಾದುಹೋಯಿತು.

ಇದೇ ಇತಿಹಾಸದಲ್ಲಿ ವಕೀಲರಿಗೂ ಒಂದು ಪಾಠವಿದೆ. 1974ರ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿಗಳ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇದ್ದುದು ಒಡೆಯರಿಗೆ, ಗೇಣಿದಾರರಿಗಲ್ಲ. ಆದುದರಿಂದ ಆ ನಿಷೇಧದ ಹಿಂದಿನ ಆತಂಕ ನಮಗೆ ಅರ್ಥವಾಗುವಂಥದೇ. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಅಸಿಂಧುಗೊಳಿಸಿತು. ತೀರ್ಥಹಳ್ಳಿಯ ಕಡಿದಾಳು ಮಂಜಪ್ಪ, ಸಾಗರದ ಕಾಗೋಡು ತಿಮ್ಮಪ್ಪ ಇಬ್ಬರೂ ಕಾನೂನು ಓದಿದವರು, ಇಬ್ಬರೂ ಕಂದಾಯ ಖಾತೆ ನಿರ್ವಹಿಸಿದವರು. ಅಂದರೆ ಕರಿಕೋಟು ತಾನಾಗಿ ಬಡವರ ಪರವೂ ಅಲ್ಲ, ವಿರೋಧಿಯೂ ಅಲ್ಲ. ಯಾರ ಪರವಾಗಿ ಅದನ್ನು ತೊಟ್ಟರು ಎಂಬುದನ್ನೇ ನಾವು ನೋಡಬೇಕು.

ಇನ್ನು ಅಭ್ಯರ್ಥಿಯ ಭರವಸೆಗಳ ವಿಚಾರ. ಜಮೀನು ಮತ್ತು ಕೃಷಿ ರಾಜ್ಯ ಪಟ್ಟಿಗೆ ಸೇರಿದ ವಿಷಯಗಳು. ಅರಣ್ಯವನ್ನು 42ನೆಯ ತಿದ್ದುಪಡಿ ಸಮವರ್ತಿ ಪಟ್ಟಿಗೆ ಸೇರಿಸಿತು. 1972ರ ವನ್ಯಜೀವಿ ಕಾಯಿದೆ, 1980ರ ಅರಣ್ಯ ಸಂರಕ್ಷಣಾ ಕಾಯಿದೆ, 2006ರ ಅರಣ್ಯ ಹಕ್ಕು ಕಾಯಿದೆ ಇವೆಲ್ಲ ಸಂಸತ್ತು ಮಾಡಿದವು. ಇವನ್ನು ಶಾಸಕರೊಬ್ಬರು ರದ್ದುಪಡಿಸುತ್ತೇನೆಂದರೆ ನಂಬಬಾರದು. ಅರಣ್ಯ ಹಕ್ಕಿನ ಅರ್ಜಿಗಳು ಗ್ರಾಮಸಭೆಯ ಮುಂದೆ ಸರಿಯಾಗಿ ಬರುವಂತೆ, ತಿರಸ್ಕೃತರಿಗೆ ಕಾರಣ ತಿಳಿಸುವಂತೆ ನೋಡಿಕೊಳ್ಳುತ್ತೇನೆಂದರೆ ನಂಬಬಹುದು. ಬಗರ್‌ಹುಕುಂ ಸಾಗುವಳಿ ಸಕ್ರಮ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರಾಗುತ್ತಾರೆ. ನೋಟಿಸು, ವಿಚಾರಣೆ, ಕಾರಣಸಹಿತ ಆದೇಶ ಇವುಗಳ ಬೆಲೆ ಬಲ್ಲ ವಕೀಲರು ಆ ಕುರ್ಚಿಯಲ್ಲಿ ಕುಳಿತರೆ, 50, 53, 57ನೆಯ ನಮೂನೆಗಳನ್ನು ತುಂಬಿ ಕಾದ ಸಣ್ಣ ರೈತನಿಗೆ ಅದು ನಿಜವಾದ ಲಾಭ.

ನನ್ನ ಆತಂಕವೂ ಇಲ್ಲಿಯೇ ಇದೆ. ವಕೀಲರಿಗೆ ತಮ್ಮ ಕಕ್ಷಿದಾರನನ್ನು ಕಾಪಾಡುವುದೇ ಧರ್ಮ. ಶಾಸಕರಿಗೆ ಅಷ್ಟು ಸಾಲದು. ಎರಡೆಕರೆ ಗದ್ದೆ ಮಾಡಿ ಬದುಕಿದವನೂ ಹೊಳೆಯ ಹುಟ್ಟಿನ ಕಾಡು ಕಡಿದು ತೋಟ ಹಬ್ಬಿಸಿದವನೂ ‘ಒತ್ತುವರಿದಾರ’ ಎಂಬ ಒಂದೇ ಹೆಸರಿನಲ್ಲಿ ಅವರ ಮುಂದೆ ಬರುತ್ತಾರೆ. ಬಗರ್‌ಹುಕುಂ ಸಕ್ರಮಕ್ಕೆ 4 ಎಕರೆ 38 ಗುಂಟೆಯ ಮಿತಿಯಿದ್ದರೆ, ತೋಟದ ಬೆಳೆಗಳಿಗಾಗಿ ಒತ್ತುವರಿಯಾದ ಸರ್ಕಾರಿ ಭೂಮಿಯನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆ ನೀಡುವ ತಿದ್ದುಪಡಿ 2022-23ರಲ್ಲಿ ಬಂದಿತು. ಸದನದಲ್ಲಿ ಈ ಎರಡನ್ನೂ ಬೇರ್ಪಡಿಸಿ ಮಾತನಾಡುವ ಧೈರ್ಯ ಬೇಕು. ನೀರಿನ ಸೆಲೆಗೂ ಸೋಗೆ ಬೆಟ್ಟಕ್ಕೂ ಮತವಿಲ್ಲ. ಅವುಗಳ ಪರವಾದ ವಕಾಲತ್ತನ್ನೂ ಶಾಸಕರೇ ಹಿಡಿಯಬೇಕು.

ಆದ್ದರಿಂದ ಮತ ಕೇಳಲು ಬಂದ ವಕೀಲರನ್ನು ಜಗಲಿಯಲ್ಲಿ ಕೂರಿಸಿ ಮೂರು ವಿಷಯ ಕೇಳೋಣ. ತಾವು ನಡೆಸಿದ ಮೊಕದ್ದಮೆಗಳಿಂದ ಯಾವ ಕಾನೂನಿನ ಯಾವ ದೋಷ ಕಂಡಿರಿ? ಅದನ್ನು ತಿದ್ದುವ ಅಧಿಕಾರ ವಿಧಾನಸಭೆಗೆ ಇದೆಯೇ? ಬಡವನ ಗದ್ದೆಯನ್ನೂ ಕಾಡನ್ನೂ ಒಟ್ಟಿಗೆ ಉಳಿಸಲು ನಿಮ್ಮ ದಾರಿ ಯಾವುದು? ಉತ್ತರ ಒಪ್ಪಿಗೆಯಾದರೆ ಜಾತಿ, ಹಣ, ಪಕ್ಷಗಳನ್ನು ಬದಿಗಿಟ್ಟು ಮತ ನೀಡೋಣ. ತೆರವಾದ ಅವರ ಜಾಗಕ್ಕೆ ನಮ್ಮ ಹಳ್ಳಿಯ ಮಕ್ಕಳೇ ಕಾನೂನು ಓದಿ ಬರಲಿ.